ಡೋನ್ಯಾ ಎದೆಲ್ಮಿರಾ ಅವರ ಗೋಡೆ ಸೇರಿದ ಹಳೆಯ ಕನ್ನಡಿಗೆ

ಚಿನ್ನದ ಚೌಕಟ್ಟಿನ, ಚುಕ್ಕೆ ಮೈಯ, ಸನ್ಮಾನ್ಯ ಕನ್ನಡಿ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಪುಯೆಬ್ಲಾ ನಗರದ ಅನಾಲ್ಕೊ ಬಡಾವಣೆಯ ನಿವಾಸಿಯೂ, ನೀರು ಸರಬರಾಜು ಕಚೇರಿಯ ನಿವೃತ್ತ ಗುಮಾಸ್ತನೂ, ವಿಧುರನೂ, ಕೆಲವು ವಾರಗಳ ಮಟ್ಟಿಗೆ ತಮ್ಮ ಮಾಲೀಕನೂ ಆಗಿದ್ದ ಎವರಿಸ್ತೊ ಸೆದಿಲ್ಯೊ ಮಾಡುವ ಅನಂತ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದೂ, ಹೊಸ ಗೋಡೆ ಬೆನ್ನಿಗೆ ಒಗ್ಗಿದೆಯೆಂದೂ, ಪಾದರಸದ ಲೇಪ ಇನ್ನಷ್ಟು ಉದುರಿಲ್ಲವೆಂದೂ ನಂಬಿದ್ದೇನೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನ ಪ್ರಕಾರ ಇಂಥ ಪತ್ರವನ್ನು 'ವಿತ್ ಡ್ಯೂ ರೆಸ್ಪೆಕ್ಟ್' ಎಂದು ಶುರುಮಾಡಬೇಕೋ 'ವಿತೌಟ್ ಡ್ಯೂ ರೆಸ್ಪೆಕ್ಟ್' ಎಂದೋ ಈಗ ಮರೆತುಹೋಗಿದೆ. ತಮ್ಮ ವಿಷಯದಲ್ಲಿ ಎರಡೂ ಸಲ್ಲುವುದರಿಂದ ಎರಡನ್ನೂ ಸಲ್ಲಿಸಿದ್ದೇನೆ, ಬೇಕಾದ್ದನ್ನು ಆರಿಸಿಕೊಳ್ಳಿ.

ಇದನ್ನು ಲಕೋಟೆಯಲ್ಲಿ ಹಾಕಿ ಕಳಿಸದೆ ನಮ್ಮ ಬಡಾವಣೆಯ ವಾರಪತ್ರಿಕೆಗೆ ಕೊಡುತ್ತಿರುವುದಕ್ಕೆ ಕ್ಷಮೆಯಿರಲಿ. ಲಕೋಟೆ ಬಿಡಿಸಲು ತಮಗೆ ಕೈಗಳಿಲ್ಲ. ಚೌಕಟ್ಟಿನ ಮೇಲಿರುವ ಬರಿಮೈಯ ದೇವದೂತ ಕಂದಮ್ಮಗಳಿಗೆ ಇವೆಯಾದರೂ ಅವುಗಳಲ್ಲಿ ಒಂದಕ್ಕೆ ಮುಂಗೈ ಮುರಿದಿದೆ, ಇನ್ನೊಂದು ತುತ್ತೂರಿ ಹಿಡಿದು ಕೂತಿದೆ. ಡೋನ್ಯಾ ಎದೆಲ್ಮಿರಾ ಅವರಾದರೆ ಈ ಪತ್ರಿಕೆಯನ್ನು ಕಾಫಿ ಕುಡಿಯುತ್ತ ಗಟ್ಟಿಯಾಗಿ ಓದುವವರು, ಈಗ ತಮ್ಮ ಎದುರಿಗೇ ಕೂತು ಓದುತ್ತಾರಂತೆ. ಆದ್ದರಿಂದ ನನ್ನ ದೂರು ಅವರ ದನಿಯಲ್ಲೇ ತಮ್ಮನ್ನು ತಲುಪಲಿ ಎಂಬುದು ನನ್ನ ಆಸೆ.

ಮೊದಲಿನಿಂದ ಹೇಳುತ್ತೇನೆ. ಎರಡು ಬೀದಿ ಆಚೆ ಗೆಣಸಿನ ಮಿಠಾಯಿ ಮಾಡಿ ಮಾರುವ ಈ ವಿಧವೆಯನ್ನು ನಾನು ಈಸ್ಟರ್ ಮುಗಿದ ಮೇಲೆ ಒಂದು ಭಾನುವಾರ, ಟೋಪಿ ಕೈಯಲ್ಲಿ ಹಿಡಿದು, ಮದುವೆಯಾಗುವಿರಾ ಎಂದು ಕೇಳಿದೆ. ಅವರು ಹೌಹಾರಲಿಲ್ಲ, ನಾಚಲೂ ಇಲ್ಲ. ಮಿಠಾಯಿಗೆ ಕಾಗದ ಸುತ್ತುತ್ತಲೇ ಅಂದರು: "ನೋಡಿ ಡಾನ್ ಎವರಿಸ್ತೊ, ಒಬ್ಬೊಬ್ಬರೇ ಹೇಗೆ ಕಾಣ್ತೀವಿ ಅನ್ನೋದು ಈ ವಯಸ್ಸಿಗೆ ಇಬ್ಬರಿಗೂ ಗೊತ್ತಾಗಿದೆ. ಜೋಡಿಯಾಗಿ ನಿಂತ್ರೆ ಹೇಗೆ ಕಾಣ್ತೀವಿ? ಒಂದು ಒಳ್ಳೇ ಕನ್ನಡೀಲಿ ಅದನ್ನ ನೋಡ್ದೆ ನಾನು ಹೂಂ ಅನ್ನಲ್ಲ. ಊಹೂಂ ಅಂತಾನೂ ಅನ್ನಲ್ಲ, ಹೆದರ್ಬೇಡಿ."

ಮಾನ್ಯರೇ, ನನ್ನ ಮನೆಯಲ್ಲಿದ್ದದ್ದು ಕ್ಷೌರಕ್ಕೆಂದು ಬಚ್ಚಲಲ್ಲಿ ತೂಗುಹಾಕಿದ ಒಂದೇ ಕನ್ನಡಿ, ಅದರಲ್ಲಿ ಹಿಡಿಸುವುದು ಒಂದೇ ಮುಖ, ಅದೂ ಕಿವಿಗಳನ್ನು ಹೊರಗಿಟ್ಟು. ತೀರಿಕೊಂಡ ನನ್ನ ಹೆಂಡತಿ ಬ್ರಿಹಿದಾ ದೊಡ್ಡ ಕನ್ನಡಿ ತರಲು ಬಿಟ್ಟವಳೇ ಅಲ್ಲ. "ನಿಮ್ಮ ಮುಖ ಹೇಗಿದೆ ಅಂತ ದಿನಾ ನಾನು ಹೇಳ್ತಾನೇ ಇದ್ದೀನಲ್ಲ, ಅದು ಸಾಲ್ದಾ?" ಎನ್ನುತ್ತಿದ್ದಳು. ಸಾಲುತ್ತಿತ್ತು. ಅವಳು ಹೋದ ಮೇಲೆ ಹೇಳುವವರಿಲ್ಲದೆ ನಾನು ಎಷ್ಟೋ ದಿನ ಗಲ್ಲದ ಮೇಲೆ ಸೋಪಿನ ನೊರೆ ಇಟ್ಟುಕೊಂಡೇ ಮಾರುಕಟ್ಟೆ ಸುತ್ತಿ ಬಂದಿದ್ದೇನೆ.

ಹೀಗಾಗಿ ಕಪ್ಪೆಗಳ ಓಣಿಯ ಹಳೆ ಸಾಮಾನಿನ ಅಂಗಡಿಗಳನ್ನು ಅಲೆಯಲು ಹೊರಟೆ. ಮನೆಗೊಂದು ಹಳೆಯ ಕನ್ನಡಿ ಆರಿಸುವುದು ಮನೆಗೊಬ್ಬ ಅತ್ತೆಯನ್ನು ಆರಿಸಿದ ಹಾಗೆ. ಅಂದಕ್ಕೆ ಮರುಳಾಗಬಾರದು, ವಂಶ ಕೇಳಬೇಕು, ಬೆನ್ನ ಹಿಂದೆಯೂ ನೋಡಬೇಕು. ಸುತ್ತಲೂ ಸೂರ್ಯಕಿರಣಗಳಿದ್ದ ಗುಂಡು ಕನ್ನಡಿಯೊಂದರಲ್ಲಿ ನಾನು ಸಂತನ ಹಾಗೆ ಕಂಡೆ. ಮದುವೆ ಕೇಳಲು ಹೊರಟವನಿಗೆ ಅದು ತಕ್ಕ ವೇಷವಲ್ಲ. ಮೂರು ಮಡಿಕೆಯ ಕನ್ನಡಿಯಿದ್ದ ಅಲಂಕಾರದ ಮೇಜಿನಲ್ಲಿ ಮೂವರು ಎವರಿಸ್ತೊಗಳು ಕೂತಿದ್ದರು, ಮೂವರೂ ಬೋಳು. ಹಳೆಯ ಹೆಂಡದಂಗಡಿಯ ಕನ್ನಡಿಯೊಂದು ನನಗೆ ಬಹಳ ಹಿಡಿಸಿತ್ತು, ಆದರೆ ಅದರ ನಡುವೆ ದಪ್ಪ ಅಕ್ಷರಗಳಲ್ಲಿ 'ಸಾಲ ಇಲ್ಲ' ಎಂದು ಬರೆದಿತ್ತು. ನವವಧುವಿನ ಎದೆಯ ಮೇಲೆ ಆ ಬರಹ ಬೀಳುವುದು ಸರಿಕಾಣಲಿಲ್ಲ.

ಆಗ ಅಂಗಡಿಯೊಂದರ ಮಾಲೀಕ ಡಾನ್ ಕ್ಲಿಮಾಕೊ ಗೋಣಿ ಸರಿಸಿ ನನಗೆ ತಮ್ಮ ದರ್ಶನ ಮಾಡಿಸಿದರು. "ಮೇಷ್ಟ್ರೇ, ಬಿಷಪ್ಪರ ಮನೆಯದು, ಅವರ ಮಲಗೋ ಕೋಣೇಲಿತ್ತು!" ಎಂದರು, ಆ ಮನುಷ್ಯ ನೀರಿನ ಕಚೇರಿಯವರನ್ನೂ ಮೇಷ್ಟ್ರೇ ಎಂದೇ ಕರೆಯುವುದು. ಬಿಷಪ್ಪರ ಮಲಗುವ ಕೋಣೆಯಲ್ಲಿ ಇಷ್ಟೊಂದು ಬರಿಯ ಕುಂಡೆಗಳು ಯಾಕೆ ಎಂದು ಕಂದಮ್ಮಗಳನ್ನು ತೋರಿಸಿ ಕೇಳಿದೆ. "ಬಿಷಪ್ಪರಿಗೂ ಮಕ್ಕಳು ಅಂದ್ರೆ ಆಸೆ ಇರಲ್ವಾ?" ಎಂದರು. ಚುಕ್ಕೆಗಳು ಯಾಕೆ ಎಂದೆ. "ಚುಕ್ಕೆ ಅಲ್ಲ ಮೇಷ್ಟ್ರೇ, ವಯಸ್ಸು. ನಿಮ್ಮ ಕೈ ಮೇಲಿಲ್ವಾ? ಹೊಸ ಪಾದರಸ ಬಳಿದ್ರೆ ನಿಮ್ಮ ತಲೆಗೆ ಬಣ್ಣ ಹಚ್ಚಿದ ಹಾಗಾಗುತ್ತೆ, ಊರೆಲ್ಲ ನಗುತ್ತೆ." ನಾನು ಸುಮ್ಮನೆ ಒಪ್ಪಿದವನಲ್ಲ. ಗಾಜಿನ ಮೇಲೆ ಬೆರಳಿಟ್ಟು, ಬೆರಳಿಗೂ ಅದರ ಬಿಂಬಕ್ಕೂ ನಡುವಿನ ಸಂದು ನೋಡಿ ಗಾಜಿನ ದಪ್ಪ ಅಂದಾಜು ಮಾಡಿದೆ. ಬೆನ್ನ ಹಲಗೆಯ ಹುಳ ತಿಂದ ತೂತುಗಳನ್ನು ಊದಿ ಪರೀಕ್ಷಿಸಿದೆ. ಪಕ್ಕಕ್ಕೆ ನಿಂತು ನೋಡಿ ಎದುರು ಗೋಡೆಯ ಗೆರೆ ತಮ್ಮೊಳಗೆ ನೀರಿನಂತೆ ಅಲುಗುವುದನ್ನು ಕಂಡು, ಇದು ನಿಜವಾದ ಹಳೆಯ ಗಾಜೇ ಎಂದು ಮನವರಿಕೆ ಮಾಡಿಕೊಂಡೆ. ನಾನು ಮಾಡದೆ ಬಿಟ್ಟ ಪರೀಕ್ಷೆ ಒಂದೇ: ಇನ್ನೊಬ್ಬರ ಪಕ್ಕದಲ್ಲಿ ನಿಂತು ನೋಡುವುದು. ಒಂಟಿಯಾಗಿ ಹೋದ ಗಿರಾಕಿ ಕನ್ನಡಿಯ ನಡುವೆ ನಿಲ್ಲುತ್ತಾನೆ, ಮತ್ತು ನಡುವಿನಲ್ಲಿ ತಾವು ನಿಷ್ಕಳಂಕರು.

ತಮ್ಮನ್ನು ತಂದು ಬೀರುವಿಗೆ ಒರಗಿಸಿ, ಡೋನ್ಯಾ ಎದೆಲ್ಮಿರಾರನ್ನು ಸಂಜೆ ಬಿಸಿ ಚಾಕೊಲೇಟು ಕುಡಿಯಲು ಕರೆದೆ. ನಮ್ಮೂರಿನ ಮಳೆಗಾಲದ ಶಿಸ್ತು ತಮಗೆ ಗೊತ್ತಿದೆ, ಚಾಕೊಲೇಟು ಕುದಿಯುವ ಹೊತ್ತಿಗೆ ಸರಿಯಾಗಿ ಗುಡುಗು. ಅವರು ಒಳಗೆ ಕಾಲಿಟ್ಟರು, ಆಕಾಶ ಗುಡುಗಿತು. "ಅಯ್ಯೋ ಸಿಡಿಲು! ಕನ್ನಡಿ ತೆರೆದಿಟ್ಟಿದ್ದೀರಲ್ಲ, ಮನೆ ಮೇಲೆ ಎಳ್ಕೋಬೇಕು ಅಂತಲಾ?" ಎಂದು ಹೆಗಲ ರೇಷ್ಮೆ ಶಾಲನ್ನು ಬೀಸಿ ತಮ್ಮ ಗಾಜಿನ ಮೇಲೆ ಹೊದಿಸಿಬಿಟ್ಟರು. ನಮ್ಮ ತಾಯಂದಿರೂ ಹಾಗೇ ಮಾಡಿದವರು, ನಾನೇನು ಹೇಳಲಿ? ಮುಂದಿನ ಸಲವೂ ಅದೇ ಕತೆ. ಇಬ್ಬರು ಮುದುಕರು ಮುಸುಕು ಹಾಕಿದ ಕನ್ನಡಿಯೆದುರು ರೊಟ್ಟಿ ಅದ್ದಿ ತಿನ್ನುತ್ತ ಕೂತೆವು, ತಾವು ಮಾತ್ರ ಆ ರೇಷ್ಮೆಯೊಳಗೆ ಬೆಚ್ಚಗಿದ್ದಿರಿ.

ಆಮೇಲೆ ಒಂದು ದಿನ ಮಳೆ ತಡವಾಯಿತು. ನಾನು ಟೈ ಸರಿಪಡಿಸಿಕೊಂಡೆ, ಅವರು ಕೂದಲು ಒತ್ತಿಕೊಂಡರು, ಪಕ್ಕಪಕ್ಕದಲ್ಲಿ ನಿಂತೆವು. ಮಹಾಶಯರೇ, ತಮ್ಮ ಕಲೆಯನ್ನು ಎಷ್ಟು ಹೊಗಳಲಿ! ತಮ್ಮ ಹಳೆಯ ಗಾಜಿನ ಮಂದ ಬೆಳಕಿನಲ್ಲಿ ಅವರ ಮುಖದ ಗೆರೆಗಳೆಲ್ಲ ಕರಗಿ, ಹಬ್ಬದ ದಿನದ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಪಕ್ಕದಲ್ಲಿ, ತಮ್ಮ ಚುಕ್ಕೆಗಳೆಲ್ಲ ಗುಂಪುಗೂಡಿದ ಕಡೆ, ಟೈ ಕಟ್ಟಿದ ಒಂದು ಕಂದು ಮೋಡ ನಿಂತಿತ್ತು. ನಾನು ಬಗ್ಗಿದರೆ ಮೋಡವೂ ಬಗ್ಗಿತು, ಪಕ್ಕಕ್ಕೆ ಸರಿದರೆ ಚೌಕಟ್ಟು ಬಂತು. "ಅಯ್ಯಯ್ಯೋ, ನಾನು ಇಷ್ಟು ಚೆನ್ನಾಗಿದ್ದೀನಾ!" ಎಂದು ಅವರು ಗಲ್ಲ ಮುಟ್ಟಿಕೊಂಡು, ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, "ನಿಮ್ಮನೇಲಿ ಬೆಳಕು ಸಾಲ್ದು. ಇದು ನಮ್ಮನೆ ಗೋಡೇಲಿರ್ಲಿ, ಅಲ್ಲಿ ಇನ್ನೊಂದ್ಸಲ ನೋಡಿ ಹೇಳ್ತೀನಿ" ಎಂದರು. ಶನಿವಾರ ಅವರ ಸೋದರಳಿಯಂದಿರು ಬಂದು ತಮ್ಮನ್ನು ಹೊತ್ತುಕೊಂಡು ಹೋದರು. ನನ್ನನ್ನು ಯಾರೂ ಹೊತ್ತುಕೊಂಡು ಹೋಗಲಿಲ್ಲ.

ಅಂದಿನಿಂದ ಉತ್ತರವಿಲ್ಲ. ಮೊನ್ನೆ ಮಾರುಕಟ್ಟೆಯಲ್ಲಿ ಟೊಮೆಟೊ ಆರಿಸುತ್ತಿದ್ದಾಗ ಅವರು ಇನ್ನೊಬ್ಬ ಹೆಂಗಸಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ಆ ಕನ್ನಡಿ ಬಂದ್ಮೇಲೆ ಮನೇಲಿ ಒಬ್ಬರು ಇದ್ದ ಹಾಗಿದೆ ಕಣೇ." ಮಾನ್ಯರೇ, ಆ ಒಬ್ಬರ ಜಾಗಕ್ಕೆ ಅರ್ಜಿ ಹಾಕಿದ್ದವನು ನಾನು! ಕರೆತಂದವನ ಮುಖ ಅಳಿಸಿ, ಅವನು ಕೇಳಿದ ಮನೆಗೆ ತಾವೇ ಹೋಗಿ ನೆಲೆಸಿದ ಈ ಜಾಣ್ಮೆಗೆ ಬಿಷಪ್ಪರ ಸಹವಾಸವೇ ಕಾರಣವಿರಬೇಕು.

ಆದುದರಿಂದ ನನ್ನ ವಿನಮ್ರ ಕೋರಿಕೆಯೇನೆಂದರೆ, ತಾವು ದಯಮಾಡಿ ಆ ಕಲೆಗಳನ್ನು ಒಂದು ಮೊಳ ಎಡಕ್ಕೆ ಸರಿಸಿಕೊಳ್ಳಬೇಕು. ಅದು ಆಗದಿದ್ದರೆ ವಾರಕ್ಕೊಂದು ದಿನವಾದರೂ ಅವರಿಗೆ ಅವರ ವಯಸ್ಸು ತೋರಿಸಿ, ಒಂಟಿಯಾಗಿ ಮುಪ್ಪಾಗುವುದು ಒಳ್ಳೆಯದಲ್ಲವೆಂದು ಸೂಚಿಸಬೇಕು. ಅದೂ ಘನತೆಗೆ ಕುಂದೆನಿಸಿದರೆ, ಯಾರೂ ಇಲ್ಲದ ಹೊತ್ತಿನಲ್ಲಿ ನನ್ನ ಬಿಂಬವೊಂದನ್ನು, ಇಪ್ಪತ್ತು ವರ್ಷ ಹಿಂದಿನದಾದರೆ ಮೇಲು, ಸುಮ್ಮನೆ ಹಾಯಿಸಿ ಬಿಡಬೇಕು. ಅವರು ಊಹೂಂ ಎಂದರೂ ತಡೆದುಕೊಂಡೇನು. ಏನೂ ಅನ್ನದಿರುವುದನ್ನು ತಡೆಯಲಾರೆ. ಈ ಮನೆಯಲ್ಲಿ ಮಾತಾಡುವುದು ಈಗ ನಲ್ಲಿಯೊಂದೇ.

ತಮ್ಮ ಎದುರು ಮೋಡವಾಗಿಯೇ ಉಳಿದಿರುವ,
ತಮ್ಮ ವಿಶ್ವಾಸಿ,
ಎವರಿಸ್ತೊ ಸೆದಿಲ್ಯೊ

ತಾ.ಕ.: ಇದನ್ನು ಪತ್ರಿಕೆಗೆ ಕೊಡಲು ಹೊರಟಿದ್ದಾಗ, ನಿನ್ನೆ ಸಂಜೆ, ಗುಡುಗಿನ ಜೊತೆಗೇ ನನ್ನ ಬಾಗಿಲೂ ಬಡಿಯಿತು. ಡೋನ್ಯಾ ಎದೆಲ್ಮಿರಾ, ಕೊಡೆ ಒಂದು ಕಡೆ, ಉಸಿರು ಒಂದು ಕಡೆ. "ಬೇಗ ಬನ್ನಿ ಮಹಾರಾಯ್ರೇ! ನಮ್ಮ ಸೋದರಳಿಯಂದಿರು ಇವತ್ತು ಬಂದು ಕನ್ನಡೀನ ಇನ್ನೂ ಮೇಲಕ್ಕೆ, ಸೂರಿನ ಹತ್ರ ತೂಗುಹಾಕಿ ಹೋಗಿದ್ದಾರೆ. ಕುರ್ಚಿ ಹತ್ತಿದ್ರೂ ಮುಚ್ಚೋಕೆ ನನಗೆ ಎಟುಕ್ತಿಲ್ಲ!" ಓಡಿದೆ, ಮುಚ್ಚಿದೆ. ಮಳೆ ಬಿಡಲಿಲ್ಲ, ಚಾಕೊಲೇಟು ಬಂತು. ಲೋಟ ಕೆಳಗಿಡುವಾಗ ಅವರು, "ಮಳೆಗಾಲ ಪೂರ್ತಿ ಹೀಗೆ ಓಡ್ಕೊಂಡು ಬರೋಕಾಗುತ್ತಾ? ಪೆಟ್ಟಿಗೆ ತಂದು ಇಲ್ಲೇ ಇದ್ಬಿಡಿ. ಪಾದ್ರಿಗಳಿಗೆ ಭಾನುವಾರ ನಾನೇ ಹೇಳ್ತೀನಿ" ಎಂದರು. ಹಾಗಾದರೆ ಜೋಡಿಯಾಗಿ ನೋಡುವುದು, ಎಂದು ಕೇಳಿದೆ. ಮುಸುಕಿನ ಕಡೆ ಕಣ್ಣು ಹಾಯಿಸಿ, "ನೋಡಾಯ್ತಲ್ಲ, ಚೆನ್ನಾಗೇ ಕಾಣ್ತೀವಿ" ಎಂದರು. ಆದರೂ ದೂರನ್ನು ಹಿಂತೆಗೆಯುತ್ತಿಲ್ಲ. ಇನ್ನು ಮುಂದೆ ಆ ರೇಷ್ಮೆ ಶಾಲು ಅವರ ಹೆಗಲ ಮೇಲೇ ಇರುತ್ತದೆ. ತಮಗೆ ಹೊದಿಸಲು, ನಾನು ಹಿಂದೊಮ್ಮೆ ಸಾಕಿದ್ದ ನಾಯಿ ಮಲಗುತ್ತಿದ್ದ ಕಂಬಳಿಯನ್ನು ತರುತ್ತಿದ್ದೇನೆ, ಮತ್ತು ಊರಿನ ಸಕಲ ಸಂತರ ಹಬ್ಬಗಳಲ್ಲಿ ಹಾರಿಸುವ ಪಟಾಕಿಯ ಸದ್ದನ್ನೂ ಗುಡುಗೆಂದೇ ಪರಿಗಣಿಸಲು ತೀರ್ಮಾನಿಸಿದ್ದೇನೆ.