ಒಂದು ಜಿರಾಫೆ, ಮೂರು ಬೋರ್ಡು

ಒಂದು ಜಿರಾಫೆ ಸಾಕಲು ವರ್ಷಕ್ಕೆ ಆರು ಲಕ್ಷ ಬೇಕು. ಸೊಪ್ಪು, ಹಿಂಡಿ, ಕ್ಯಾರೆಟ್ಟು, ನೆಕ್ಕಲು ಉಪ್ಪಿನ ಗಟ್ಟಿ, ಆಗಾಗ ಗೊರಸಿಗೆ ಔಷಧಿ ಎಲ್ಲ ಸೇರಿ. ಚಿರತೆಯ ಮಾಂಸಕ್ಕೆ ನಾಲ್ಕು ಲಕ್ಷ. ನೀರ್ಗುದುರೆಗೆ ಹುಲ್ಲಿನ ಬಿಲ್ಲಿಗಿಂತ ನೀರಿನ ಬಿಲ್ಲೇ ದೊಡ್ಡದು. ಕೋತಿಗಳಿಗೆ ಖರ್ಚು ಕಡಿಮೆ. ಬೇಕಾದ್ದನ್ನು ನೋಡಲು ಬಂದವರ ಕೈಯಿಂದಲೇ ಕಿತ್ತುಕೊಳ್ಳುತ್ತವೆ. ಟಿಕೆಟ್ ಮಾರಿ ಬಂದ ದುಡ್ಡು ಇದರ ಅರ್ಧಕ್ಕೂ ಸಾಲದು. ಮಿಕ್ಕದ್ದು ಎಲ್ಲಿಂದ ಬರುತ್ತದೆ ಎಂಬುದು ಮೃಗಾಲಯದ ಸೂಪರಿಂಟೆಂಡೆಂಟರಿಗೆ ಮಾತ್ರ ಗೊತ್ತು.

ಈ ಲೆಕ್ಕದ ಕಟ್ಟಕಡೆಯಲ್ಲಿ, ಉಪ್ಪಿನ ಗಟ್ಟಿಗಿಂತ ತುಸು ಮೇಲೆ, ಜಿರಾಫೆ ನೋಡಿಕೊಳ್ಳುವವನ ಕೂಲಿ ಇತ್ತು. ಅವನನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಜಿರಾಫೆಯ ಮೇವಿನ ಬುಟ್ಟಿ ಕಂಬದ ತುದಿಯಲ್ಲಿದ್ದುದರಿಂದ ಹೆಗಲ ಮೇಲೆ ಏಣಿ ಇಲ್ಲದೆ ಅವನನ್ನು ಕಂಡವರಿಲ್ಲ. ಎಷ್ಟೋ ವರ್ಷಗಳಿಂದ ದಿನಗೂಲಿ. ಆ ಕೂಲಿ ಯಾವ ಬಾಬ್ತಿನಿಂದ ಬರುತ್ತದೆಂದು ಅವನು ಕೇಳಿದವನಲ್ಲ. ಬರುತ್ತಿತ್ತು, ಹೆಂಡತಿಯ ಕೈಗೆ ಕೊಡುತ್ತಿದ್ದ.

ಅವನ ಆಸೆ ಒಂದೇ. ಕೆಲಸ ಕಾಯಂ ಆಗಬೇಕು, ಭಾವಮೈದುನನ ಬಾಯಿ ಮುಚ್ಚಬೇಕು. ಹೆಂಡತಿಯ ತಮ್ಮನಿಗೆ ಪಂಕ್ಚರ್ ಅಂಗಡಿ ಇತ್ತು. ಮನೆಗೆ ಬಂದಾಗಲೆಲ್ಲ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಹೇಳುತ್ತಿದ್ದ: "ಭಾವಾ, ಆ ಒಂಟೆ ಕೆಲಸ ಬಿಟ್ಟು ನನ್ನಂಗಡಿಗೆ ಬಂದ್ಬಿಡಿ. ಟೈರಿಗೆ ಗಾಳಿ ಹಾಕ್ಕೊಂಡು ನೆಮ್ಮದಿಯಾಗಿ ಇರಬಹುದು."

"ಒಂಟೆ ಅಲ್ಲಪ್ಪಾ, ಜಿರಾಫೆ."

"ಯಾವುದಾದ್ರೇನು ಭಾವಾ? ಕತ್ತು ಉದ್ದ, ಸಂಬಳ ಗಿಡ್ಡ."

ಈ ಮಾತಿಗೆ ಹೆಂಡತಿಯೂ ನಗುತ್ತಿದ್ದಳು. ಅದೇ ಅವನಿಗೆ ಚುಚ್ಚುತ್ತಿದ್ದುದು.

ಇನ್ನು ಬೋರ್ಡಿನ ವಿಷಯ. ಮೃಗಾಲಯದಲ್ಲಿ ದತ್ತು ಯೋಜನೆ ಇತ್ತು. ಒಂದು ಪ್ರಾಣಿಯ ವರ್ಷದ ಖರ್ಚು ಕೊಟ್ಟವರು ಅದಕ್ಕೊಂದು ಹೆಸರಿಡಬಹುದು, ಬೇಲಿಯ ಮೇಲೆ ಅವರ ಬೋರ್ಡು ನೇತಾಡುತ್ತದೆ. ಚಿರತೆ ಸದಾ ಮಲಗಿರುತ್ತದೆ, ಮೊಸಳೆ ಮುಖ ಕೊಡುವುದಿಲ್ಲ, ಹೀಗಾಗಿ ಬಂದವರೆಲ್ಲ ಕೇಳುತ್ತಿದ್ದುದು ಜಿರಾಫೆಯನ್ನೇ. ಇದ್ದದ್ದು ಒಂದೇ ಜಿರಾಫೆ. ಸೂಪರಿಂಟೆಂಡೆಂಟರು ದಯಾಳು, ಯಾರಿಗೂ ಇಲ್ಲ ಎನ್ನಲಿಲ್ಲ. ಮೊದಲು ಬಂಗಾರದಂಗಡಿಯವರಿಗೆ ಕೊಟ್ಟರು. ಅವರು 'ಚಿನ್ನಾ' ಎಂದು ಹೆಸರಿಟ್ಟರು. ಆಮೇಲೆ ಅದನ್ನೇ ನಿವೃತ್ತ ಹೆಡ್‌ಮೇಡಂಗೆ ಕೊಟ್ಟರು. ಅವರು 'ಸುಶೀಲಾ' ಎಂದರು. ಅದಾದ ಮೇಲೆ ಲಾರಿ ಮಾಲೀಕರಿಗೆ ಕೊಟ್ಟರು. ಅವರು ಗಂಡೋ ಹೆಣ್ಣೋ ವಿಚಾರಿಸದೆ 'ರಾಜಾ' ಎಂದುಬಿಟ್ಟರು. ಬಂಗಾರದಂಗಡಿಯವರು ಅಂಗಡಿಗೆ ರಜೆ ಇದ್ದ ದಿನ ಬರಬೇಕು, ಹೆಡ್‌ಮೇಡಂ ತಮ್ಮ ಹುಟ್ಟುಹಬ್ಬದಂದು, ಲಾರಿಯವರು ಫೋನ್ ಮಾಡಿ ಹೇಳಿದ ದಿನ. ಯಾರು ಬರುತ್ತಾರೋ ಅವರ ಬೋರ್ಡು ತೂಗುಹಾಕಿ, ಮಿಕ್ಕೆರಡನ್ನು ಸೊಪ್ಪಿನ ಶೆಡ್ಡಿನಲ್ಲಿ ಬಚ್ಚಿಡುವುದು ಏಣಿಯ ಕೆಲಸ.

ಈಗ ಮೃಗಾಲಯ ದೊಡ್ಡದಾಗುತ್ತಿತ್ತು. ಹಿಂದುಗಡೆ ಜಾಗ ಸೇರಿಸಿ ಜಿರಾಫೆಗೆ ವಿಶಾಲವಾದ ಹೊಸ ಅಂಗಳ ಕಟ್ಟಿದ್ದರು. ಜಿಂಕೆಗಳನ್ನು ಕೊಟ್ಟು ಬದಲಿಗೆ ಬೇರೊಂದು ಮೃಗಾಲಯದಿಂದ ಎರಡು ಜಿರಾಫೆಗಳನ್ನು ತರಿಸಿದ್ದರು. ಅವು ಇವತ್ತೇ ಬರುವುದಿತ್ತು. ಟೇಪು ಕತ್ತರಿಸಲು ಎಣ್ಣೆ ಗಿರಣಿ ಯಜಮಾನರನ್ನು ಕರೆಸಿದ್ದರು.

ಬೆಳಿಗ್ಗೆಯೇ ಸೂಪರಿಂಟೆಂಡೆಂಟರು ಏಣಿಯನ್ನು ಕರೆದು ಮೇಜಿನ ಮೇಲಿದ್ದ ಹಾಳೆಯೊಂದನ್ನು ತಟ್ಟಿದರು. "ನೋಡಯ್ಯಾ, ನಿನ್ನ ಕಾಯಂ ಆರ್ಡರು. ಸಹಿ ಒಂದು ಬಾಕಿ. ಇವತ್ತಿನ ದಿನ ಮಾನ ಹೋಗದ ಹಾಗೆ ಕಳೆದ್ರೆ ಸಂಜೆ ಸಹಿ ಹಾಕ್ತೀನಿ. ಗಿರಣಿಯವರು ಚೆಕ್ ಬುಕ್ ಇಟ್ಕೊಂಡೇ ಬರ್ತಿದ್ದಾರೆ. ಒಂದೇ ಒಂದು ಗಲಾಟೆ ಆಗಕೂಡದು."

"ಆಗಲ್ಲ ಸಾರ್. ಅವರೊಬ್ಬರೇ ತಾನೇ ಬರೋದು?"

"ಅವರೊಬ್ಬರೇ."

ಹೊರಗೆ ಬಂದರೆ ಟೈಪಿಸ್ಟ್ ಅಕ್ಕ ಕಿಟಕಿಯಿಂದ ತಲೆ ಹಾಕಿದರು. "ಏಣಿಯಣ್ಣಾ, ಕುರ್ಚಿ ಜಾಸ್ತಿ ಹಾಕ್ಸಿ. ದಾನಿಗಳಿಗೆಲ್ಲ ನಾನೇ ಕಾರ್ಡು ಕಳಿಸಿದ್ದೀನಿ. ಪಾಪ, ಇಷ್ಟು ದುಡ್ಡು ಕೊಟ್ಟೋರನ್ನ ಬಿಡೋಕಾಗುತ್ತಾ?"

"ದಾನಿಗಳು ಅಂದ್ರೆ... ಯಾರ್ಯಾರು ಅಕ್ಕಾ?"

"ಎಲ್ಲರೂ. ಮೂರೂ ಜನ ಬರ್ತೀವಿ ಅಂತ ಫೋನೂ ಮಾಡಿದ್ರು."

ಏಣಿಯ ಹೆಗಲ ಮೇಲಿದ್ದ ಏಣಿ ತಾನೇ ತಾನಾಗಿ ಒಂದು ಸುತ್ತು ತಿರುಗಿ ನೋಟೀಸ್ ಬೋರ್ಡಿನ ಗಾಜು ಒಡೆಯಿತು. ಒಳಗೆ ಓಡಿ ಸುದ್ದಿ ಮುಟ್ಟಿಸೋಣವೆಂದರೆ ಸೂಪರಿಂಟೆಂಡೆಂಟರು ಅಷ್ಟರಲ್ಲಿ ಗಿರಣಿಯವರನ್ನು ಕರೆತರಲು ಜೀಪು ಹತ್ತಿ ಹೊರಟೇಹೋಗಿದ್ದರು. ಹೊಸ ಜಿರಾಫೆಗಳ ಲಾರಿ ಯಾವುದೋ ಸೇತುವೆಯ ಕೆಳಗೆ ಸಿಕ್ಕಿಹಾಕಿಕೊಂಡಿದೆ, ತಡವಾಗುತ್ತದೆ ಎಂದು ಕಾವಲುಗಾರ ಬಂದು ಹೇಳಿದ.

ಮೊದಲು ಬಂದದ್ದು ಬಂಗಾರದಂಗಡಿಯವರು, ಹೆಂಡತಿ ಮಕ್ಕಳ ಸಮೇತ. ಏಣಿ ಶೆಡ್ಡಿಗೆ ಓಡಿ ಬೋರ್ಡು ತಂದು ನೇತುಹಾಕಿ ಕೊಕ್ಕೆಯಿಂದ ಕೈ ತೆಗೆಯುವುದಕ್ಕೂ ಅವರು ಬೇಲಿಯ ಹತ್ತಿರ ಬರುವುದಕ್ಕೂ ಸರಿಹೋಯಿತು.

"ನಮ್ಮ ಚಿನ್ನಾ ಹೇಗಿದ್ದಾಳಪ್ಪಾ?"

"ಹೊಳೀತಿದ್ದಾಳೆ ಸಾರ್. ಬನ್ನಿ ಸಾರ್, ಬಿಸಿಲು, ಕ್ಯಾಂಟೀನಲ್ಲಿ ತಣ್ಣಗೆ ಏನಾದ್ರೂ ಕುಡೀರಿ. ಟೇಪು ಕತ್ತರಿಸೋದು ಇನ್ನೂ ತಡ."

ಅವರನ್ನು ಕ್ಯಾಂಟೀನಿಗೆ ತಳ್ಳಿಕೊಂಡು ಹೋಗಿ ಕೂರಿಸಿ, ವಾಪಸ್ ಬರುವಾಗ ಗೇಟಿನಲ್ಲಿ ಹೆಡ್‌ಮೇಡಂ ಕೊಡೆ ಕಾಣಿಸಿತು. ಹೆಡ್‌ಮೇಡಂ ನಿಧಾನಕ್ಕೆ ನಡೆಯುವವರು. ಆದರೆ ಏಣಿಯ ಕಣ್ಣಿಗೆ ಅವರು ರೈಲಿನ ಹಾಗೆ ಬರುತ್ತಿದ್ದರು. ಹಳೇ ಬೋರ್ಡು ಬಿಚ್ಚಲು ಸಮಯವೆಲ್ಲಿ? ಅದರ ಮೇಲೇ ಸುಶೀಲಾ ಬೋರ್ಡು ಸಿಕ್ಕಿಸಿದ.

"ಯಾಕೋ ಹೀಗೆ ಬೆವರಿದ್ದೀಯಾ? ಬೋರ್ಡು ಸೊಟ್ಟಗಿದೆ, ನೆಟ್ಟಗೆ ಮಾಡು," ಎಂದರು ಹೆಡ್‌ಮೇಡಂ. ಆಮೇಲೆ ದನಿ ಇಳಿಸಿ, "ಸುಶೀಲಾ, ಬಾಮ್ಮಾ," ಎಂದು ಕರೆದರು.

ಜಿರಾಫೆ ಬಂತು. ಯಾರು ಏನೆಂದು ಕರೆದರೂ ಬರುತ್ತಿತ್ತು. ಅದು ನೋಡುತ್ತಿದ್ದುದು ಕೈಯಲ್ಲಿದ್ದ ಸೊಪ್ಪನ್ನು.

"ಮೇಡಂ, ಅಲ್ಲಿ ನೆರಳಲ್ಲಿ ಬೆಂಚಿದೆ, ಒಂದು ಗಳಿಗೆ..."

"ನಾನಿಲ್ಲೇ ನಿಲ್ತೀನಿ. ಸರ್ವಿಸ್ ಪೂರ್ತಿ ನಿಂತೇ ಪಾಠ ಮಾಡಿದೋಳು ನಾನು."

ಅಷ್ಟರಲ್ಲಿ ಹಿಂದಿನಿಂದ, ಲಾರಿಗೆ ಸೈಡ್ ಕೊಡಿಸುವಂಥ ದನಿ ಕೇಳಿಸಿತು. "ಏ ರಾಜಾ! ಎಲ್ಲೋ ಇದ್ದೀಯಾ ಮಗನೇ?" ಸುಶೀಲಾ ಬೋರ್ಡಿನ ಜೊತೆಗೇ ತಂದಿದ್ದ ರಾಜಾ ಬೋರ್ಡನ್ನು ಏಣಿ ಕಂಕುಳಲ್ಲಿ ಅವುಚಿಕೊಂಡ. ಆನೆಯಾಗಿದ್ದರೆ ಗೋಡೆಯ ಹಿಂದೆ ನಿಲ್ಲಿಸಬಹುದಿತ್ತು. ಮೊಸಳೆಯನ್ನು ನೀರಿನಲ್ಲಿ ಮುಳುಗಿಸಬಹುದಿತ್ತು. ಆದರೆ ಇದು ಜಿರಾಫೆ. ಮೃಗಾಲಯದ ಯಾವ ಮೂಲೆಯಲ್ಲಿ ನಿಂತರೂ ಬೀದಿ ದೀಪದ ಹಾಗೆ ಕಾಣುತ್ತದೆ.

"ರಾಜಾನಾ?" ಹೆಡ್‌ಮೇಡಂ ಕನ್ನಡಕ ಸರಿಮಾಡಿಕೊಂಡರು. "ಯಾರ್ರೀ ನೀವು? ನಮ್ಮ ಸುಶೀಲಾನ ಹಾಗೆಲ್ಲ ಕರೀಬೇಡಿ."

"ಸುಶೀಲಾನಾ? ಇದಾ? ಅಮ್ಮಾ, ಇದು ನನ್ನ ರಾಜಾ. ದುಡ್ಡು ಕಟ್ಟಿದ್ದೀನಿ."

"ಏನದು ಗಲಾಟೆ?" ಎನ್ನುತ್ತ ಕ್ಯಾಂಟೀನಿನಿಂದ ಬಂಗಾರದಂಗಡಿಯವರೂ ಬಂದರು. "ನಮ್ಮ ಚಿನ್ನಾ ಹತ್ರ ಯಾಕ್ರೀ ಕಿರಿಚ್ತೀರಾ? ಬೆದರ್ತಾಳೆ ಅವಳು."

ಬೋರ್ಡು ಬಿಚ್ಚಿಯಾದರೂ ತಪ್ಪಿಸಿಕೊಳ್ಳೋಣವೆಂದು ಏಣಿ ಕೈ ಚಾಚಿದ. ಅವನಿಗಿಂತ ಮುಂಚೆ ಜಿರಾಫೆ ನಾಲಿಗೆ ಚಾಚಿತು. ಮೊಳದುದ್ದದ ಆ ಕಪ್ಪು ನಾಲಿಗೆ ಸುಶೀಲಾ ಬೋರ್ಡಿನ ದಾರ ಸುತ್ತಿ ಎಳೆಯಿತು. ಬೋರ್ಡು ದೊಪ್ಪನೆ ಬಿತ್ತು. ಅಡಿಯಲ್ಲಿ ಚಿನ್ನಾ ಬೋರ್ಡು ಹೊಳೆಯುತ್ತಿತ್ತು. ಬೋರ್ಡು ಬಿದ್ದ ಸದ್ದಿಗೆ ಬೆಚ್ಚಿ ಏಣಿ ಕಂಕುಳು ಸಡಿಲಿಸಿದ. ಅಲ್ಲಿ ಅವಿತಿದ್ದ ರಾಜಾ ಬೋರ್ಡೂ ನೆಲ ಸೇರಿತು.

ಮೂವರೂ ಮೂರು ಬೋರ್ಡು ನೋಡಿದರು. ಆಮೇಲೆ ಮೂವರೂ ಏಣಿಯನ್ನು ನೋಡಿದರು.

"ಒಂದೇ ಪ್ರಾಣೀನ ಮೂರು ಜನಕ್ಕೆ ಮಾರಿದ್ದೀರಾ?" ಎಂದರು ಬಂಗಾರದಂಗಡಿಯವರು, ತೀರ ಮೆಲ್ಲಗೆ. "ಪೊಲೀಸ್ ಸ್ಟೇಷನ್ ಇಲ್ಲೇ ಪಕ್ಕದಲ್ಲಿದೆ ಅಲ್ವಾ?"

ಏಣಿಯ ಕಣ್ಣ ಮುಂದೆ ಸಹಿ ಇಲ್ಲದ ಆರ್ಡರು ಹಾರಿಹೋಯಿತು. ಪಂಕ್ಚರ್ ಅಂಗಡಿಯ ಗಾಳಿ ಪಂಪು ಹತ್ತಿರ ಬಂತು. ಆ ಹೊತ್ತಿಗೆ ಸರಿಯಾಗಿ ಕಾಂಪೌಂಡಿನ ಆಚೆ ಲಾರಿಯ ಹಾರನ್ನು ಕೂಗಿತು. ಗೋಡೆಯ ಮೇಲಿಂದ ಎರಡು ಉದ್ದನೆಯ ಕತ್ತುಗಳು ಅತ್ತಿತ್ತ ನೋಡುತ್ತ ಮೆಲ್ಲನೆ ತೇಲಿಬಂದವು.

"ಅಗೋ ಸಾರ್! ಅಗೋ ಮೇಡಂ!" ಏಣಿ ಕೂಗಿಕೊಂಡ. ಆ ದನಿ ತನ್ನದೇ ಎಂದು ಅವನಿಗೇ ನಂಬಿಕೆ ಬರಲಿಲ್ಲ. "ನಿಮ್ಮ ಸುಶೀಲಾ, ನಿಮ್ಮ ರಾಜಾ, ಇಬ್ಬರೂ ಬಂದ್ರು! ಹಳೇ ಅಂಗಳ ಚಿಕ್ಕದು, ಮೂರನ್ನೂ ಒಟ್ಟಿಗೆ ಬಿಟ್ರೆ ಕಾದಾಡ್ತಿದ್ವು. ಅದಕ್ಕೇ ಒಂದೊಂದು ದಿನ ಒಂದೊಂದನ್ನ ಹೊರಗೆ ಬಿಡ್ತಿದ್ವಿ. ಈ ಹೊಸ ಅಂಗಳ ಕಟ್ಟೋವರೆಗೂ ಅಂತ ಎರಡನ್ನ ಬೇರೆ ಮೃಗಾಲಯಕ್ಕೆ ಕಳಿಸಿದ್ವಿ."

"ಹಾಗಾದ್ರೆ ಈಗ ನನ್ನ ಹತ್ರ ಬಂದಿದ್ದು?" ಹೆಡ್‌ಮೇಡಂ ಬಿಡುವವರಲ್ಲ. "ಬೋರ್ಡು ಸುಶೀಲಾ ಅಂತಲೇ ಇತ್ತಲ್ಲೋ!"

"ನೀವು ದೂರದಿಂದ ಬಂದಿದ್ರಿ, ಸುಶೀಲಾ ಇನ್ನೂ ದಾರೀಲಿದ್ದಾಳೆ ಅಂದ್ರೆ ನೊಂದ್ಕೋತೀರಿ ಅಂತ... ಅವಳಿಗೆ ಗಂಟಲು ನೋವು ಬೇರೆ ಬಂದಿತ್ತು ಮೇಡಂ. ಅಷ್ಟುದ್ದ ಗಂಟಲಲ್ಲಿ ನೋವು ಅಂದ್ರೆ ಸಣ್ಣ ಮಾತಾ?"

ಹೆಡ್‌ಮೇಡಂ ಕೈ ತಾನಾಗಿ ತಮ್ಮ ಗಂಟಲಿಗೆ ಹೋಯಿತು. ಜೀವಮಾನವೆಲ್ಲ ಮಕ್ಕಳ ಮೇಲೆ ಕೂಗಿದ ಗಂಟಲದು. "ಅಯ್ಯೋ ಪಾಪ," ಎಂದರು. "ನಂಗೆ ಮುಂಚೇನೇ ಹೇಳ್ಬಾರದಾ?"

ಪ್ರಯಾಣದಲ್ಲಿ ಹಸಿದಿದ್ದ ಹೊಸ ಜಿರಾಫೆಗಳು ಅಂಗಳಕ್ಕೆ ಇಳಿದದ್ದೇ ತಡ, ಸೊಪ್ಪು ಹಿಡಿದವರ ಕಡೆ ದಾಪುಗಾಲು ಹಾಕಿದವು. "ಗುರುತು ಹಿಡಿದ ನೋಡ್ರೀ! ನನ್ನ ರಾಜಾ ಗುರುತು ಹಿಡಿದ!" ಲಾರಿಯವರು ಕಣ್ಣೊರೆಸಿಕೊಂಡರು. "ಎಷ್ಟು ಇಳಿದುಹೋಗಿದ್ದೀಯಾ ಸುಶೀಲಾ," ಎಂದು ಹೆಡ್‌ಮೇಡಂ ಮರುಗಿದರು. ಬಂಗಾರದಂಗಡಿಯವರು ಮೂರನ್ನೂ ತೂಕ ಹಾಕುವವರಂತೆ ನೋಡಿ, ತಮ್ಮದೇ ಎಲ್ಲಕ್ಕಿಂತ ಮೈ ತುಂಬಿಕೊಂಡಿದೆ ಎಂದು ಸಮಾಧಾನಪಟ್ಟರು. ಏಣಿ ಮೂರು ಬೋರ್ಡುಗಳನ್ನೂ ಸಾಲಾಗಿ ಬಿಗಿಯಾಗಿ ಕಟ್ಟಿದ.

ಆಗ ಜೀಪು ಬಂತು. ಗಿರಣಿ ಯಜಮಾನರು ಇಳಿದು ಟೇಪು ಕತ್ತರಿಸಿದರು. ಚಪ್ಪಾಳೆಯಾಯಿತು. ಅವರು ಜೇಬಿಗೆ ಕೈ ಹಾಕಿ ಚೆಕ್ ಬುಕ್ ಹೊರಗೆಳೆದು ಬೇಲಿಯುದ್ದಕ್ಕೂ ನಡೆದರು. ಒಂದು ಬೋರ್ಡು ಓದಿದರು, ಎರಡನೆಯದು ಓದಿದರು. ಮೂರನೆಯದು ಓದಿ ಚೆಕ್ ಬುಕ್ಕನ್ನು ಮತ್ತೆ ಜೇಬಿಗಿಟ್ಟರು.

"ಹೊಸಾವು ಎರಡನ್ನೂ ನಾನೇ ತಗೊಳ್ಳೋಣ ಅಂತ ಬಂದೆ. ಎಲ್ಲಕ್ಕೂ ಆಗಲೇ ಯಜಮಾನರಿದ್ದಾರಲ್ಲ! ಬಹಳ ಸಂತೋಷ."

"ಸಾರ್, ಚಿರತೆ ಖಾಲಿ ಇದೆ," ಎಂದರು ಸೂಪರಿಂಟೆಂಡೆಂಟರು.

"ನಮ್ಮ ಮನೆಯವರು ಹೆದರ್ತಾರೆ."

"ಆಮೆ ಸಾರ್? ಬಹಳ ಸಾಧು."

"ಅದಕ್ಕೆ ನಮ್ಮ ಹೆಸರು ಹಾಕಿದ್ರೆ ಗಿರಣಿಗೆ ಬರೋ ಗಿರಾಕಿ ಏನಂದ್ಕೋಬೇಕು?" ಎಂದು ನಕ್ಕು ಗಿರಣಿ ಯಜಮಾನರು ಹೊರಟುಹೋದರು.

ಸಂಜೆ ಏಣಿ ಆಫೀಸಿಗೆ ಹೋದ. ಸೂಪರಿಂಟೆಂಡೆಂಟರು ತಲೆಗೆ ಕೈಯಿಟ್ಟು ಕೂತಿದ್ದರು. ಮಾತು ಕೊಟ್ಟಂತೆ ಆರ್ಡರಿಗೆ ಸಹಿ ಹಾಕಿ ಅವನತ್ತ ಸರಿಸಿದರು.

"ಮಾನ ಉಳಿಸ್ದೆ ಕಣಯ್ಯಾ. ಇವತ್ತಿಂದ ನೀನು ಕಾಯಂ. ನಿನ್ನನ್ನ ತೆಗೆಯೋಕೆ ಯಾರಿಂದಲೂ ಆಗಲ್ಲ." ಪೆನ್ನಿಗೆ ಮುಚ್ಚಳ ಹಾಕಿ ಮುಂದುವರಿಸಿದರು. "ಆದ್ರೆ ಸಂಬಳ ಕೊಡೋಕಾಗಲ್ಲ."

"ಸಾರ್?"

"ಒಂದು ಜಿರಾಫೆ, ಮೂರು ಜನರ ದುಡ್ಡು. ಒಬ್ಬರದು ಜಿರಾಫೆ ತಿಂತಿತ್ತು. ಇನ್ನೊಬ್ಬರದು ಚಿರತೆ ತಿಂತಿತ್ತು. ಮೂರನೇದ್ರಲ್ಲಿ ಕರೆಂಟ್ ಬಿಲ್ಲು, ನಿನ್ನ ಕೂಲಿ. ಈಗ ನೀನು ಮೂರು ಜನಕ್ಕೂ ಒಂದೊಂದು ಜಿರಾಫೆ ಕೊಟ್ಬಿಟ್ಟೆ. ಅವರವರ ದುಡ್ಡು ಅವರವರ ಜಿರಾಫೆಗೇ ಸರಿಹೋಯ್ತು. ಗಿರಣಿಯವರ ದುಡ್ಡು ಬಂದಿದ್ರೆ ಮಾತು ಬೇರೆ. ಚಿರತೆಗೆ ಟಿಕೆಟ್ ದುಡ್ಡಲ್ಲಿ ಹೇಗೋ ಹೊಂದಿಸ್ತೀನಿ. ಅದಕ್ಕೆ ಇವತ್ತು ಊಟ ಇಲ್ಲ ಅಂತ ಹೇಳೋಕಾಗುತ್ತಾ? ನಿನಗಾದ್ರೆ ಹೇಳ್ಬಹುದು. ನೀನು ತಿಳಿದೋನು."

ಏಣಿ ಆರ್ಡರನ್ನು ತಿರುವಿ ಹಿಂಬದಿಯನ್ನೂ ನೋಡಿದ. ಸೂಪರಿಂಟೆಂಡೆಂಟರಿಗೆ ಕನಿಕರ ಬಂತು. ಅವರು ದಯಾಳು ಎಂದು ಮೊದಲೇ ಹೇಳಿದೆಯಷ್ಟೆ. "ಒಂದು ದಾರಿ ಇದೆ. ದತ್ತು ಯೋಜನೆ ಪ್ರಾಣಿಗಳಿಗೆ ಮಾತ್ರ ಅಂತ ಎಲ್ಲೂ ಹೇಳಿಲ್ಲ. ಯಾರಾದ್ರೂ ನಿನ್ನ ವರ್ಷದ ಖರ್ಚು ಕೊಡೋ ಹಾಗಿದ್ರೆ..."

"ಬೋರ್ಡು ಹಾಕ್ತೀರಾ ಸಾರ್?" ಎಂದು ಬಾಗಿಲಿನಿಂದ ಒಂದು ದನಿ ಕೇಳಿತು.

ಹೊಸ ಜಿರಾಫೆ ನೋಡಲು ಅಕ್ಕನ ಜೊತೆ ಬಂದಿದ್ದ ಭಾವಮೈದುನ, ಚೌಕಟ್ಟಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಹಿಂದೆ ಏಣಿಯ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುವಂತಿರಲಿಲ್ಲ.

ಮರುದಿನ ಬೇಲಿಯ ಮೇಲೆ ನಾಲ್ಕು ಬೋರ್ಡುಗಳಿದ್ದವು. ನಾಲ್ಕನೆಯದರಲ್ಲಿ, 'ಇಲ್ಲಿನ ಪಾಲಕನನ್ನು ದತ್ತು ಪಡೆದವರು' ಎಂದು ಬರೆದು, ಕೆಳಗೆ ಪಂಕ್ಚರ್ ಅಂಗಡಿಯ ವಿಳಾಸವಿತ್ತು. ಅಂಗಡಿಗೆ ಗಿರಾಕಿ ಹೆಚ್ಚಿದರು. ಮೃಗಾಲಯಕ್ಕೆ ಎರಡು ಜಿರಾಫೆ ಲಾಭವಾಯಿತು. ಏಣಿಗೆ ಸಿಕ್ಕಿದ್ದು ಕಾಯಂ ಕೆಲಸ, ಹೋದದ್ದು ಸಂಬಳ, ಹೊಟ್ಟೆಬಟ್ಟೆಯ ಖರ್ಚು ಭಾವಮೈದುನನ ಲೆಕ್ಕಕ್ಕೆ; ಮೂರು ಬುಟ್ಟಿ ಸೊಪ್ಪಿಗೆ ಈಗ ಅವನು ಮೂರು ಸಲ ಏಣಿ ಹತ್ತುತ್ತಾನೆ.