ಐದೂವರೆ ಗಂಟೆ ಹಿಂದಿದ್ದ ಸಂಸಾರ

ತಪ್ಪನ್ನು ಒಬ್ಬರು ತಿದ್ದಿದರೆ ಸರಿಹೋಗುತ್ತದೆ, ಗಂಡ ಹೆಂಡತಿ ಇಬ್ಬರೂ ತಿದ್ದಿದರೆ ಮುಗಿದೇ ಹೋಯಿತು. ಇಷ್ಟು ತಿಳಿಯಲು ನನಗೆ ಮೂವತ್ತೊಂದು ವರ್ಷದ ದಾಂಪತ್ಯ ಸಾಲದೆ ಒಂದು ಕಂಪ್ಯೂಟರೂ ಬೇಕಾಯಿತು. ಭಗವಂತ ದೊಡ್ಡವನು, ಎರಡು ಕಂಪ್ಯೂಟರ್ ಕೊಡಲಿಲ್ಲ.

ಬನಶಂಕರಿಯ ನಮ್ಮ ಮನೆಗೆ ಈ ಪೀಡೆ ಬಂದದ್ದು ಪಾರ್ಕಿನಿಂದ. ಯಜಮಾನರು ನಿವೃತ್ತರಾದ ಮೇಲೆ ವಾಕಿಂಗಿಗೆ ಜೊತೆಯಾದ ಶ್ರೀಪತಿ ಎಂಬುವವರು, "ನಿಮ್ಮದು ಹಳೇ ಮೆಷಿನ್ನು ಸಾರ್. ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಅಂತ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕ್ಕೊಳ್ಳಿ. ಸಖತ್ ಫಾಸ್ಟು, ಫ್ರೀ ಬೇರೆ" ಎಂದರಂತೆ. ಫ್ರೀ ಎಂದರೆ ನಮ್ಮವರು ವಿಷವನ್ನೂ ಎರಡು ಬಾಟಲಿ ತರುವವರು. ಅಂದಿನಿಂದ ಕಂಪ್ಯೂಟರ್ ಹಚ್ಚಿದ ಕೂಡಲೇ 'ಯಾವುದು ಬೇಕು?' ಎಂದು ಕೇಳತೊಡಗಿತು. ಬೆಳಿಗ್ಗೆ ನನ್ನ ವಿಂಡೋಸು, ಸಂಜೆ ಅವರ ಲಿನಕ್ಸು. ಮನೆ ಒಂದೇ, ಒಲೆ ಎರಡು.

ಮಾರನೆಯ ದಿನವೇ ನನ್ನ ಕಡೆಯ ಗಡಿಯಾರ ಕೆಟ್ಟಿತು. ಹನ್ನೆರಡಕ್ಕೆ ಕುಕ್ಕರ್ ಕೂಗುತ್ತಿದ್ದರೆ ಅದರಲ್ಲಿ ಬೆಳಗಿನ ಆರೂವರೆ! ನಾನು ಸರಿಮಾಡಿದೆ. ಸಂಜೆ ಆರಕ್ಕೆ ಅವರು ತಮ್ಮದನ್ನು ತೆಗೆದರೆ ಅಲ್ಲಿ ರಾತ್ರಿ ಹನ್ನೊಂದೂವರೆ. ಅವರೂ ಸರಿಮಾಡಿದರು. ಬೆಳಿಗ್ಗೆ ನನ್ನದು ಮತ್ತೆ ಹಿಂದೆ. ಹದಿನೈದು ದಿನ ಹೀಗೆ ಒಬ್ಬರಿಗೊಬ್ಬರು ಹೇಳದೆ, ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ತಿದ್ದುತ್ತಾ ಕಳೆದೆವು. ಮಾತಿಗೆ ಮಾತು ಬೆಳೆದು ವಿಷಯ ಹೊರಬಿದ್ದಾಗ ಬೇರೆಯವರಾಗಿದ್ದರೆ ರಿಪೇರಿ ಮಾಡಿಸುತ್ತಿದ್ದರು. ನಮ್ಮದು ಹಜಾರದ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟು, ಬೆಳಗಾದರೆ ಎಲ್ಲರೂ ಮನಸ್ಸಿನಲ್ಲೇ ಹತ್ತು ನಿಮಿಷ ಕಳೆದು ಬದುಕುವ ವಂಶ. ಯಜಮಾನರು ಕಚೇರಿಯ ಶೈಲಿಯಲ್ಲಿ 'ವಿಂಡೋಸಿನಲ್ಲಿ ಕಾಣುವ ಸಮಯಕ್ಕೆ ಐದೂವರೆ ಗಂಟೆ ಸೇರಿಸಿಕೊಳ್ಳತಕ್ಕದ್ದು' ಎಂದು ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿದರು. ಇನ್ನು ಯಾರೂ ಮುಟ್ಟಬಾರದು ಎಂದು ಆಜ್ಞೆಯೂ ಆಯಿತು.

ಅಷ್ಟರಲ್ಲಿ ದೇವಸ್ಥಾನದ ಉತ್ಸವ ಬಂತು. ನಾವು ಹನ್ನೊಂದು ಜನ ಹೆಂಗಸರು ವಿಷ್ಣು ಸಹಸ್ರನಾಮ ಹೇಳುತ್ತೇವೆ. ಮೂರು ವರ್ಷದಿಂದ ನಮಗೆ ಸಿಗುತ್ತಿದ್ದದ್ದು ಪ್ರಸಾದದ ನಂತರದ ಪಾಳಿ. ದೇವರಿಗೆ ತೆರೆ ಎಳೆದಿರುತ್ತದೆ, ಭಕ್ತರಿಗೆ ಪುಳಿಯೋಗರೆಯ ನಿದ್ದೆ. ನಮ್ಮಲ್ಲಿ ಹಿರಿಯರಾದ ಕಮಲಮ್ಮನವರು, "ಒಂದೇ ಒಂದ್ಸಲ ಅಭಿಷೇಕ ನೋಡ್ತಾ ಹೇಳ್ಬೇಕು ಕಣೇ. ಎಂಬತ್ತೆರಡಾಯ್ತು, ಮುಂದಿನ ವರ್ಷ ಯಾರು ಕಂಡಿದಾರೆ?" ಎಂದಿದ್ದರು. ಅಭಿಷೇಕದ ಹೊತ್ತಿನ ಬೆಳಗಿನ ಪಾಳಿ ಬೇಕಾದವರು ಶುಕ್ರವಾರ ಒಂಬತ್ತರಿಂದ ಹನ್ನೆರಡರೊಳಗೆ ಇಮೇಲ್ ಕಳಿಸಬೇಕು, ಮೊದಲು ಬಂದವರಿಗೆ ಮೊದಲು ಎಂಬುದು ದೇವಸ್ಥಾನದ ಕಚೇರಿಯ ನಿಯಮ.

ಆ ಶುಕ್ರವಾರವೇ ಜೆ.ಪಿ. ನಗರದಲ್ಲಿ ನಾದಿನಿಯ ಗೃಹಪ್ರವೇಶ. ಎಂಟಕ್ಕೇ ಹೊರಡಬೇಕು. "ಯೋಚ್ನೆ ಮಾಡ್ಬೇಡ ಕಣೇ, ಟೈಮ್ ಇಟ್ರೆ ಮೇಲ್ ತಾನೇ ಹೋಗುತ್ತೆ. ಒಂಬತ್ತೂಕಾಲು, ರಾಹುಕಾಲಕ್ಕೂ ಮುಂಚೆ" ಎಂದು ಯಜಮಾನರು ನನ್ನ ವಿಂಡೋಸಿನಲ್ಲೇ ಏನೋ ಒತ್ತಿ, ಕಂಪ್ಯೂಟರನ್ನು ಹಾಗೇ ಬಿಟ್ಟು ಬಂದರು. ಹೋಳಿಗೆ ಬಡಿಸುವಾಗ ನಾನು ಪಕ್ಕದವರಿಗೆಲ್ಲ ಬೆಳಗಿನ ಪಾಳಿಯ ಸುದ್ದಿ ಹೇಳಿ ಬೀಗಿದ್ದೂ ಆಯಿತು.

ಎರಡು ಗಂಟೆಗೆ ಬಂದು ನೋಡಿದರೆ ಮೇಲ್ ಇನ್ನೂ ಅಲ್ಲೇ ಕುಳಿತಿದೆ. ಮೂರು ಮುಕ್ಕಾಲಿಗೆ ಹೊರಡಲು ಕಾಯುತ್ತಿದೆ, ಮಹಾರಾಯ!

"ಏನ್ರೀ ಇದು? ಒಂಬತ್ತೂಕಾಲು ಅಂದ್ರಿ!"

"ಒಂಬತ್ತೂಕಾಲಲ್ಲಿ ಐದೂವರೆ ಕಳೆದ್ರೆ ಮೂರು ಮುಕ್ಕಾಲು ತಾನೇ? ಇದು ಹಿಂದಿರುತ್ತೆ ಅಂತ ಲೆಕ್ಕ ಮಾಡೇ ಇಟ್ಟೆ... ಅರೆ, ಇವತ್ತು ಟೈಮ್ ಸರಿಯಾಗಿ ತೋರಿಸ್ತಿದೆ! ಅದಕ್ಕೇ ಮಧ್ಯಾಹ್ನದ್ದು ಅಂದ್ಕೊಂಡಿದೆ. ತಾನಾಗೇ ಹೆಂಗೆ ಸರಿಹೋಯ್ತು?"

ತಾನಾಗೇ ಸರಿಹೋಗಿರಲಿಲ್ಲ. ಬೆಳಿಗ್ಗೆ ದೀಪ ಹಚ್ಚಿ, ಅರ್ಜಿ ಇನ್ನೊಮ್ಮೆ ಓದೋಣವೆಂದು ಕುಳಿತವಳು, ಶುಭ ಶುಕ್ರವಾರ ಗಡಿಯಾರ ತಪ್ಪು ತೋರಿಸಬಾರದೆಂದು ಸರಿಮಾಡಿಬಿಟ್ಟಿದ್ದೆ. ಅವರು ಚೀಟಿಯನ್ನು ನಂಬಿ ಗಡಿಯಾರವನ್ನು ನೋಡಲೇ ಇಲ್ಲ. ಇದೆಲ್ಲ ಥಟ್ಟನೆ ನೆನಪಾಯಿತು. ಸೀರೆ ಬದಲಿಸಲು ಒಳಗೆ ಹೋದೆ. ಆ ದಿನ ಸೀರೆ ಬದಲಿಸಲು ಮುಕ್ಕಾಲು ಗಂಟೆ ಹಿಡಿಯಿತು.

ಬೆಳಗಿನ ಪಾಳಿ ಯಾವುದೋ ಬೇರೆ ಬಡಾವಣೆಯ ಮಂಡಳಿಗೆ ಹೋಯಿತು. ನಮಗೆ ಮತ್ತೆ ತೆರೆ, ಪುಳಿಯೋಗರೆ. ಸಂಜೆ ಶ್ರೀಪತಿ ಬಂದು, ಲಿನಕ್ಸು ಯಂತ್ರದೊಳಗೆ ಲಂಡನ್ ಸಮಯ ಇಟ್ಟುಕೊಂಡು ನಮಗಾಗಿ ಐದೂವರೆ ಸೇರಿಸುತ್ತದೆಂದೂ, ವಿಂಡೋಸು ಒಳಗಿರುವುದೇ ನಮ್ಮ ಸಮಯವೆಂದು ನಂಬುತ್ತದೆಂದೂ ವಿವರಿಸಿ, ಒಂದು ಸಾಲು ಟೈಪ್ ಮಾಡಿದರು. ಅಷ್ಟೇ, ಎರಡೂ ರಾಜಿಯಾದವು. ಈ ಒಂದು ಸಾಲನ್ನು ಪುಣ್ಯಾತ್ಮ ಪಾರ್ಕಿನಲ್ಲೇ ಹೇಳಬಹುದಿತ್ತು.

ಉತ್ಸವದ ಮಧ್ಯಾಹ್ನ ಕಮಲಮ್ಮ ಕೋಲೂರಿಕೊಂಡು ಬಂದರು. ಎಳೆದ ತೆರೆಯನ್ನೇ ನೋಡುತ್ತಾ ಸಾವಿರ ನಾಮವನ್ನೂ ಹೇಳಿದರು. ತಲೆಯ ಮೇಲೆ ಫ್ಯಾನಿತ್ತು, ಅಷ್ಟಾದರೂ ಅನುಗ್ರಹ. ಯಜಮಾನರು ಎಲ್ಲರಿಗೂ ನೀರು ಹಂಚುತ್ತಾ, ಮುಖ ತಗ್ಗಿಸಿಕೊಂಡು ಓಡಾಡುತ್ತಿದ್ದರು. ಕಮಲಮ್ಮ ನನ್ನ ಕೈ ಹಿಡಿದು, "ನಿನ್ನ ಗಂಡ ಅಪರಂಜಿ ಕಣೇ. ಮನೆಗೇ ಬಂದು, ನನ್ನಿಂದ ತಪ್ಪಾಯ್ತು, ಕ್ಷಮಿಸಿ ಅಂದ್ರು. ಈ ಕಾಲದಲ್ಲಿ ಯಾರು ಒಪ್ಕೋತಾರೆ ಹೇಳು?" ಎಂದರು.

"ಆ ಗುಣ ನಮ್ಮನೇಲಿ ಅವರೊಬ್ಬರಿಗೇ ಇರೋದು ಕಮಲಮ್ಮ" ಎಂದೆ.

ಆಗತಾನೇ ಸಹಸ್ರನಾಮ ಮುಗಿಸಿದ ಬಾಯಿ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.