ಸದ್ದು ನಿಲ್ಲಲೆಂದು ಕಾಯುವ ರೇಡಿಯೊ

ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದೆಂದು ಚಿಕ್ಕಂದಿನಲ್ಲಿ ಕಲಿಸಿದವರ ಮೇಲೆ ನನಗೀಗ ವಿಪರೀತ ಸಿಟ್ಟಿದೆ. ನಾನು ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಹೇಳುವವನು. ಬಿಡುವಿನಲ್ಲಿ, ಯಂತ್ರದಿಂದ ಯಂತ್ರಕ್ಕೆ ಸುದ್ದಿ ಕಳಿಸುವ ಪುಟ್ಟ ರೇಡಿಯೊಗಳಿಗೆ ಮಾತಾಡುವ ರೀತಿ ಕಲಿಸುತ್ತೇನೆ. ಹತ್ತು ರೇಡಿಯೊಗಳು ಒಟ್ಟಿಗೆ ಮಾತಾಡಿದರೆ ಯಾರದೂ ಯಾರಿಗೂ ತಿಳಿಯುವುದಿಲ್ಲ, ನಮ್ಮ ಸ್ಟಾಫ್ ಮೀಟಿಂಗಿನ ಹಾಗೆ. ಅದಕ್ಕೊಂದು ಅಲ್ಗಾರಿದಮ್ ಬರೆದೆ: ಮೊದಲು ಕಿವಿಗೊಡು, ಸದ್ದಿದ್ದರೆ ಕಾಯಿ, ನಿಂತ ಮೇಲೆ ಮಾತಾಡು. ಹೀಗೆ ಮಾಡಿದರೆ ಮಾತಿಗೆ ಮಾತು ಡಿಕ್ಕಿ ಹೊಡೆಯುವುದಿಲ್ಲವೆಂದು ಎಂಟು ಪುಟ ಗಣಿತ ಹಾಕಿ ಸಾಧಿಸಿದೆ. ಎಷ್ಟು ಹೊತ್ತು ಕಾಯಬೇಕಾದೀತು ಎಂಬುದನ್ನು ಮಾತ್ರ ಬರೆಯಲಿಲ್ಲ. ಸಭ್ಯರು ಅದನ್ನೆಲ್ಲ ಕೇಳುವುದಿಲ್ಲ ನೋಡಿ.

ಪ್ರಯೋಗಕ್ಕೆ ಸಿಕ್ಕವರು ಬನಹಟ್ಟಿಯ ನಮ್ಮ ಮಾವ, ಹೆಂಡತಿಯ ಅಪ್ಪ. ಅವರ ಆರು ವಿದ್ಯುತ್ ಮಗ್ಗಗಳಿಗೆ ಒಂದೊಂದು ಬ್ಯಾಟರಿ ರೇಡಿಯೊ ಕಟ್ಟಿದೆ. ಎಳೆ ಹರಿದ ಕೂಡಲೇ ಅದು ಮೇಜಿನ ಮೇಲಿನ ಬ್ಯಾಟರಿ ಪೆಟ್ಟಿಗೆಗೆ ತಿಳಿಸಬೇಕು, ಪೆಟ್ಟಿಗೆ ಕೂಗಬೇಕು. ನಾಲ್ಕನೇ ಮಗ್ಗದಲ್ಲಿದ್ದದ್ದು ನನ್ನ ಹೆಂಡತಿಯ ಸೀರೆ. ತನ್ನ ತಮ್ಮನ ಮದುವೆಗೆಂದು ಆಕೆಯೇ ಬಣ್ಣ ಆರಿಸಿದ್ದಳು. "ಪೆಟ್ಟಿಗಿ ಐತಲ್ಲರೀ ಮಾವಾರ, ಇನ್ನ ಮಗ್ಗದ ಮುಂದ ನಿಂದ್ರೂದು ಬ್ಯಾಡ್ರಿ" ಎಂದು ದೊಡ್ಡಸ್ತಿಕೆಯಿಂದ ಹೇಳಿ ಅವರನ್ನು ಚಹಾಕ್ಕೆ ಕರೆದೊಯ್ದೆ.

ಮಧ್ಯಾಹ್ನದವರೆಗೆ ಪೆಟ್ಟಿಗೆ ಪಿಟ್ಟೆನ್ನಲಿಲ್ಲ. ಆಮೇಲೆ ಕರೆಂಟ್ ಹೋಯಿತು, ಮಗ್ಗಗಳು ನಿಂತವು, ಪೆಟ್ಟಿಗೆ ಹುಚ್ಚು ಹಿಡಿದಂತೆ ಕೂಗತೊಡಗಿತು. ನಾಲ್ಕರಲ್ಲಿ ಎಳೆ ಹರಿದಿತ್ತು, ಅದೂ ಬೆಳಿಗ್ಗೆಯೇ! ಹಳೆಯ ಮೋಟಾರುಗಳು ಗಾಳಿಗೆ ಚೆಲ್ಲುವ ಗದ್ದಲವನ್ನು ಯಾರದೋ ಮಾತೆಂದು ತಿಳಿದು ರೇಡಿಯೊ ಮರ್ಯಾದೆಯಿಂದ ಕಾದಿತ್ತು. ಅರ್ಧ ಸೀರೆಯುದ್ದಕ್ಕೂ ಗೀರು.

ಮಾವ ಸಿಟ್ಟಾಗಲಿಲ್ಲ, ಅದೇ ತಡೆಯಲಾಗಲಿಲ್ಲ. "ಅಳಿಯಾರ, ಮಗ್ಗ ನಿಂತ ಮ್ಯಾಲ ಮಾತಾಡೂಣು ಅಂತ ಕುಂತಿದ್ರ ಬನಹಟ್ಟ್ಯಾಗ ಒಂದ ಲಗ್ನಾನೂ ಆಗ್ತಿದ್ದಿಲ್ರಿ. ಎದರಿನಾಂವ ಹೂಂ ಅನ್ನೂತನಕ ಒದರಬೇಕು." ಎಂಟು ಪುಟದಲ್ಲಿ ಇಲ್ಲದ್ದು ಇದೇ. ಅಲ್ಲೇ ಕೂತು ತಿದ್ದಿದೆ: ಸದ್ದಿದ್ದರೂ ಹೇಳು, ಸ್ವಲ್ಪ ಬಿಟ್ಟು ಮತ್ತೆ ಹೇಳು, ಹೂಂ ಬರುವವರೆಗೆ ಹೇಳು. ಪೆಟ್ಟಿಗೆ ಅಂದಿನಿಂದ ಸುಸೂತ್ರವಾಗಿದೆ.

"ಸೀರಿ ಸುದ್ದಿ ಆಕಿಗೆ ಇವತ್ತ ಹೇಳ್ರಿ. ಲಗ್ನಕ್ಕ ಇನ್ನ ವಾರ ಐತಿ, ಬ್ಯಾರೆ ನೇಯೂಣು" ಎಂದರು ಮಾವ.

ಹೇಳಬೇಕೆಂದೇ ಮನೆಗೆ ಬಂದೆ. ಆಕೆ ಫೋನಿನಲ್ಲಿದ್ದಳು, ಕಾದೆ. ಫೋನ್ ಇಟ್ಟಳು, ಮಿಕ್ಸರ್ ಶುರುವಾಯಿತು; ಕಾದೆ. ಮರುದಿನ ಮಿಕ್ಸರ್ ನಿಂತರೆ ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಹೊರಟಿತ್ತು. ಹೀಗೆಯೇ ನಾಲ್ಕು ದಿನ ಕಳೆದವು. ಐದನೆಯ ದಿನ ಬನಹಟ್ಟಿಯಿಂದ ಸೀರೆಯೇ ಬಂತು. ಬೇರೆ ನೇಯಿರೆಂದು ಯಾರೂ ಹೇಳದ್ದರಿಂದ, ಗೀರಿದ್ದರೂ ಇದೇ ಸಾಕೆಂದು ಮಗಳು ಹೂಂ ಅಂದಿದ್ದಾಳೆಂದೇ ಮಾವ ತಿಳಿದಿರಬೇಕು. ಆಕೆ ಮಡಿಕೆ ಬಿಚ್ಚಿ, ಗೀರಿನ ಮೇಲೆ ಬೆರಳಾಡಿಸಿದಳು. ಮನೆಯಲ್ಲಿ ಒಂದೇ ಒಂದು ಸದ್ದಿರಲಿಲ್ಲ. ನನಗೆ ನಾಚಿಕೆಯಾಯಿತು, ಆದರೆ ಆಗಲೂ ಬಾಯಿ ಬರಲಿಲ್ಲ.

"ನಿಮಗ ಯಾವಾಗ ಗೊತ್ತಾತು?" ಎಂದಳು.

"ಅವತ್ತ. ಕರೆಂಟ್ ಹೋಗಿ ಪೆಟ್ಟಿಗಿ ಒದರಿದಾಗ."

"ನಿಮಗಿಂತ ನಿಮ್ಮ ಪೆಟ್ಟಿಗಿನ ಛಲೋ ಬಿಡ್ರಿ. ಕರೆಂಟ್ ಹೋದಾಗರೆ ಬಾಯಿ ಬಿಡ್ತೈತಿ."

ತಪ್ಪಾಯಿತೆಂದು ಹೇಳಲು ಹೊರಟೆ. ಅಷ್ಟರಲ್ಲಿ ಬೀದಿಯಲ್ಲಿ ಟ್ರ್ಯಾಕ್ಟರ್ ಬಂತು. ಅದು ದಾಟಿ ಹೋಗಲೆಂದು ಕಾದೆ.